ಬಸಿದ ನೀರು ಯಾರ ಪಾಲು

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಅಡುಗೆ ಮನೆ. ಆಮೇಲೆ ಜನರಲ್ ವಾರ್ಡ್, ಹೆರಿಗೆ ವಾರ್ಡ್, ಡಯಾಲಿಸಿಸ್. ಮತ್ತೆ ಅಡುಗೆ ಮನೆ. ಸಪ್ಪನೆಯ ಬೇಳೆಗೆ ಉಪ್ಪು ಬಿದ್ದಿತ್ತು, ಉಪ್ಪಿನ ಬೇಳೆ ಸಪ್ಪಗಿತ್ತು. ಅಡುಗೆಯ ಅಮೀರ್ ಅಲಿ ಚಾಚಾ ಸೌಟು ಹಿಡಿದು ನನ್ನ ಮುಖ ನೋಡುತ್ತ ನಿಂತ. ನಾನು ಬೈಯಲಿಲ್ಲ. ಅಷ್ಟು ಒಲೆಗೆ ಒಬ್ಬನೇ ಮನುಷ್ಯ. ಇಷ್ಟು ಹಾಸಿಗೆಗೆ ನಾನೂ ಒಬ್ಬಳೇ.

ಐಡಿ ಕಾರ್ಡಿನ ಮೇಲೆ ಡಯೆಟಿಷಿಯನ್. ವಾರ್ಡಿನಲ್ಲಿ ಊಟದ ಮೇಡಂ. ಮ್ಯಾನೇಜರ್ ಬಾಯಲ್ಲಿ ‘ಆ ಅಡಿಗಿ ಮನಿಯಾಕಿ’.

ಡಾಕ್ಟರು ಫೈಲಿನ ಕೊನೆಗೆ ‘ಡಯೆಟ್ ಆಸ್ ಅಡ್ವೈಸ್ಡ್’ ಎಂದು ಗೀಚುತ್ತಾರೆ. ರೋಗಿಯ ಅರ್ಧ ಬದುಕನ್ನು ಆ ಮೂರು ಪದದಲ್ಲಿ ತುರುಕಿ ನನ್ನ ಕಡೆ ದಾಟಿಸುತ್ತಾರೆ. ವಾಸಿಯಾದರೆ ಔಷಧಿಯಿಂದ. ಆಗದಿದ್ದರೆ ಪಥ್ಯ ಮುರಿದದ್ದರಿಂದ.

ಆಸ್ಪತ್ರೆ ನಡೆಸುವ ಟ್ರಸ್ಟಿನ ದೊಡ್ಡ ಆಫೀಸಿನಿಂದ ಹೊಸ ಚಾರ್ಟು ಬಂದಿದೆ. ಬಣ್ಣದ ಕಾಗದ. ಓಟ್ಸ್, ಬ್ರೌನ್ ಬ್ರೆಡ್, ಹಸಿರು ಆಪಲ್. ಯಾರ ಮನೆಯ ತಟ್ಟೆ ನೋಡಿ ಬರೆದರು ಇದನ್ನು? ವಾಡಿಯಲ್ಲಿ ಸಿಮೆಂಟ್ ಚೀಲ ಹೊರುವವನದಲ್ಲ. ಶಹಾಬಾದಿನಲ್ಲಿ ಕಲ್ಲು ಸೀಳುವವನದಲ್ಲ. ಹರಿದು ಹಾಕಿದೆ. ನನ್ನದೇ ಬರೆದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ — ಎಷ್ಟು, ಹೇಗೆ. ನಮ್ಮ ಜನ ತಿನ್ನುವುದು ಇದನ್ನೇ.

ವಾಡಿಯ ಸಾಯಬಣ್ಣನ ಪೊಟ್ಯಾಷಿಯಂ ಮತ್ತೆ ಮೇಲೆ. ಕಿಡ್ನಿ ಎರಡೂ ಕೈಬಿಟ್ಟ ಮನುಷ್ಯ. ಕಲಬುರಗಿಯಲ್ಲಿ ಡಯಾಲಿಸಿಸ್ ಪಾಳಿ ಸಿಗಲಿಲ್ಲ. ಸೋಮವಾರ, ಗುರುವಾರ ರೈಲು ಹತ್ತಿ ಸೇಡಂಗೆ ಬರುತ್ತಾನೆ. ಮಷಿನ್ ರಕ್ತ ತೊಳೆದು ಕಳಿಸುತ್ತದೆ. ನಡುವಿನ ದಿನಗಳಲ್ಲಿ ತಿಂದ ಬೇಳೆ, ಸೊಪ್ಪು, ಹಣ್ಣಿನ ಪೊಟ್ಯಾಷಿಯಂ ರಕ್ತದಲ್ಲೇ ಉಳಿಯುತ್ತದೆ. ಹೆಚ್ಚಾದರೆ ಎದೆ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು.

ಸೋಮವಾರ ಹೆಂಡತಿಯನ್ನು ಕರೆದುಕೊಂಡು ಬಾ ಎಂದಿದ್ದೇನೆ.

ಏಪ್ರಿಲ್ 7, ಸೋಮವಾರ

ಬಂದಿದ್ದಳು. ಹಣಮಮ್ಮ. ಗಟ್ಟಿ ಹೆಂಗಸು. ಬೆಂಚಿನ ತುದಿಯಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ತುಟಿಯಲ್ಲೇ ತಿರುಗಿ ಹೇಳಿಕೊಂಡಳು. ಕಾಯಿಪಲ್ಯ ಸಣ್ಣಗೆ ಹೆಚ್ಚಬೇಕು. ಬಹಳ ನೀರಿಟ್ಟು ಕುದಿಸಬೇಕು. ಅದರೊಳಗಿನದೆಲ್ಲ ನೀರಿಗೆ ಇಳಿಯುತ್ತದೆ. ಬಸಿಯಬೇಕು. ಬೇಳೆಯನ್ನೂ ಹಾಗೆಯೇ. ಬಾಳೆಹಣ್ಣು, ಎಳನೀರು ಮುಟ್ಟಬಾರದು. ದಿನಕ್ಕೆ ಕುಡಿಯುವ ನೀರು ಇಷ್ಟೇ ಎಂದು ಆಸ್ಪತ್ರೆಯ ಸ್ಟೀಲ್ ಗ್ಲಾಸು ಕೊಟ್ಟು ಅಳತೆ ತೋರಿಸಿದೆ.

ಹಂಗೇ ಮಾಡ್ತೀನ್ರಿ ಅಕ್ಕೋರ, ಅಂದಳು. ಅಕ್ಷರ ಕಲಿತ ಹೆಂಗಸರೆಲ್ಲ ಅವಳಿಗೆ ಅಕ್ಕೋರು.

ಇನ್ನೂ ಕೂರಿಸಿಕೊಂಡು ಮಾತಾಡಬೇಕಿತ್ತು. ಹೊರಗೆ ಸಕ್ಕರೆ ಕಾಯಿಲೆಯವರ ಸಾಲು. ಮೇಲಿಂದ ಮ್ಯಾನೇಜರ್ ಫೋನು — ಮುಂದಿನ ತಿಂಗಳು ಇನ್‌ಸ್ಪೆಕ್ಷನ್, ಕೌನ್ಸೆಲಿಂಗ್ ಫೈಲಿನಲ್ಲಿ ಎಲ್ಲ ಖಾನೆ ತುಂಬಿರಬೇಕು. ಖಾನೆ ತುಂಬಿದೆ. ಇನ್‌ಸ್ಪೆಕ್ಷನ್‌ನವರು ನೋಡುವುದು ಅದನ್ನೇ.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿ. ನಮ್ಮೂರು ಐನಾಪುರಕ್ಕೆ ಹೋಗಲಿಲ್ಲ. ಮಷಿನ್ನಿಗೆ ಮಲಗಬೇಕಾದವರಿಗೆ ರಜೆ ಇರುವುದಿಲ್ಲ.

ಅಪ್ಪ ಫೋನ್ ಮಾಡಿದ್ದ. ಹಿಂದೆ ಹಲಗೆಯ ಸದ್ದು. ಈ ವಯಸ್ಸಿನಲ್ಲೂ ಘೋಷಣೆ ಕೂಗಿ ಗಂಟಲು ಕೂತಿತ್ತು. “ಯಶೋಧರಾ, ನಿನ್ನ ಜಾಗಾ ಖಾಲಿ ಅದ ನೋಡು ಇಲ್ಲಿ” ಅಂದ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿಂಚೋಳಿಯ ತಹಸೀಲ್ ಆಫೀಸಿನ ಮುಂದೆ ಧರಣಿ ಕೂತವನು. ಪ್ರಶ್ನೆ ಕೇಳು, ಕುರ್ಚಿ ಎಷ್ಟೇ ದೊಡ್ಡದಿರಲಿ ಕೇಳು — ಇದಿಷ್ಟೇ ಅವನು ನನಗೆ ಕಲಿಸಿದ್ದು.

ಸಾಯಬಣ್ಣನ ಪೊಟ್ಯಾಷಿಯಂ ಇಳಿದಿಲ್ಲ. ಏರಿದೆ.

ಏಪ್ರಿಲ್ 17, ಗುರುವಾರ. ಸಂಜೆ 5

ಸಾಯಬಣ್ಣನಿಗೆ ಇವತ್ತು ಪಾಳಿಯ ದಿನ.

ರೈಲು ನಿಲ್ದಾಣದಿಂದ ಆಟೋದಲ್ಲಿ ಮಲಗಿಸಿಕೊಂಡು ಬಂದರು. ಕಾಲಿನಲ್ಲಿ ಬಲವಿಲ್ಲ. ಎದೆ ಬಡಿತದ ಗೆರೆ ನೋಡಿ ಡಾ. ಸುರೇಶಕುಮಾರರ ಮುಖವೇ ಬಿಳುಚಿತು. ಪುಣ್ಯಕ್ಕೆ ಇವತ್ತು ಗುರುವಾರ, ಅವರು ಕಲಬುರಗಿಯಿಂದ ಬರುವ ದಿನ. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಆಮೇಲೆ ಮಷಿನ್. ಉಳಿದ.

ಕಾರಿಡಾರಿನಲ್ಲಿ ಡಾಕ್ಟರು ಎಲ್ಲರ ಮುಂದೆ ಕೇಳಿದರು, ನೀವು ಇವನಿಗೆ ಏನು ಹೇಳಿದ್ದೀರಿ, ಅವನು ಏನು ತಿನ್ನುತ್ತಿದ್ದಾನೆ? ಅವಮಾನ ಇತ್ತು. ಆ ಅವಮಾನವನ್ನು ಎಲ್ಲಿ ಇಳಿಸಿದೆ? ಮಷಿನ್ನಿಗೆ ಕಟ್ಟಿ ಮಲಗಿದವನ ಮೇಲೆ.

“ಸಾಯೂದೇ ಅದ ಅಂದ್ರ ಹೇಳ್ರಿ. ಪಾಳಿಗಿ ಕಾಯ್ಲಿಕತ್ತವ್ರು ಭಾಳ ಮಂದಿ ಅದಾರ.”

ನನ್ನದೇ ಬಾಯಿ. ಸಾಯಬಣ್ಣ ಕಣ್ಣು ತೆರೆದ. “ನಾ ಏನೂ ಕದ್ದು ತಿಂದಿಲ್ರಿ ಮೇಡಂ” ಅಂದ. ಮತ್ತೆ ಮುಚ್ಚಿದ. ಹಣಮಮ್ಮ ಗೋಡೆಗೆ ಆತು ನಿಂತಿದ್ದಳು. ಅವಳ ಕಡೆ ನೋಡದೆ ಬಂದೆ.

ಏಪ್ರಿಲ್ 19, ಶನಿವಾರ

ಮ್ಯಾನೇಜರ್ ಕರೆಸಿದ. ಟ್ರಸ್ಟಿನ ನಿಯಮ ಓದಿ ಹೇಳಿದ. ಪುಕ್ಕಟೆ ಡಯಾಲಿಸಿಸ್ ಪಡೆಯುವವನು ಪಥ್ಯ ಪಾಲಿಸದಿದ್ದರೆ ಅವನ ಪಾಳಿ ತೆಗೆದು ಕಾಯುವವರಲ್ಲಿ ಒಬ್ಬರಿಗೆ ಕೊಡಬಹುದು. ಡಾಕ್ಟರು ಈಗಾಗಲೇ ‘ನಾನ್ ಕಂಪ್ಲೈಂಟ್’ ಎಂದು ಬರೆದಿದ್ದಾರೆ, ಅಂದರೆ ಹೇಳಿದ್ದು ಕೇಳದವನು. ಇನ್ನು ನನ್ನ ವರದಿ ಬೇಕು. ಮೇ ಹದಿನೈದಕ್ಕೆ ಕಮಿಟಿ.

ಪಾಳಿ ಹೋದರೆ ಸಾಯಬಣ್ಣ ಎಷ್ಟು ದಿನ ಇರುತ್ತಾನೆ ಎಂದು ಕೇಳಿದೆ. ಅದು ಮೆಡಿಕಲ್ ಪ್ರಶ್ನೆ, ನನ್ನದಲ್ಲ, ಅಂದ. ಎಲ್ಲರ ಕೆಲಸವೂ ಎಷ್ಟು ಚೊಕ್ಕ. ಡಾಕ್ಟರರದು ಒಂದು ಪದ. ಮ್ಯಾನೇಜರದು ಒಂದು ನಿಯಮ. ನನ್ನದು ಒಂದು ಸಾಲು. ಮೂರೂ ಸೇರಿದರೆ ಒಂದು ಹೆಣ. ಯಾರೂ ಕೊಂದಂತಾಗುವುದಿಲ್ಲ.

ತಿಳಿವಳಿಕೆ ಇಲ್ಲದ ಜನ ಮೇಡಂ, ನೀವು ಎಷ್ಟಂತ ಹೇಳ್ತೀರಿ — ಸಮಾಧಾನಕ್ಕೆಂದು ಹೇಳಿದ. ಈ ಮಾತನ್ನು ನನ್ನ ಅಜ್ಜನಿಗೂ ಹೇಳಿದ್ದರು. ಅಪ್ಪನಿಗೂ. ಓದಿ ಬಂದಮೇಲೆ ಈಗ ನಮ್ಮಂಥವರ ಬಗ್ಗೆ ನನಗೇ ಹೇಳುತ್ತಾರೆ, ನಾನು ಅವರ ಕಡೆಯವಳಾದೆ ಎಂದುಕೊಂಡು. ಅದಕ್ಕಿಂತ ಕೆಟ್ಟದ್ದು — ಗುರುವಾರ ನಾನೂ ಅದನ್ನೇ ಅಂದುಕೊಂಡಿದ್ದೆ.

ಏಪ್ರಿಲ್ 21, ಸೋಮವಾರ

ಡಯಾಲಿಸಿಸ್ ಸಿಸ್ಟರ್ ರಾಧಿಕಾ ಇವತ್ತು ಒಂದು ಮಾತು ಹೇಳಿದಳು. ತೂಕ ನೋಡುತ್ತ, ತನ್ನಷ್ಟಕ್ಕೆ.

“ಈ ಸಾಯಬಣ್ಣ ಅಣ್ಣಂದು ನೋಡ್ರಿ. ಎರಡು ಪಾಳಿ ನಡುವ ತೂಕ ಏರೂದೇ ಇಲ್ಲ. ಇಂಥಾ ಬ್ಯಾಸಗ್ಯಾಗ ಉಳಿದವ್ರೆಲ್ಲಾ ಕೊಡಗಟ್ಲೆ ನೀರು ಕುಡದು ಉಬ್ಬಿ ಬರ್ತಾರ. ಇಂವ ಗ್ಲಾಸಿನ ಅಳತಿ ದಾಟಂಗಿಲ್ಲ.”

ಅಲ್ಲೇ ನಿಂತುಬಿಟ್ಟೆ.

ವಾಡಿಯ ಬಿಸಿಲು. ಮೇಲೆ ಕಲ್ಲು ಹಾಸಿನ ಮಾಳಿಗೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುವ ಹೊತ್ತು. ಅಂಥದ್ದರಲ್ಲಿ ನೀರಡಿಕೆ ತಡೆದ ಮನುಷ್ಯ ಬಾಳೆಹಣ್ಣಿಗೆ ಆಸೆಪಟ್ಟು ಕದ್ದು ತಿಂದನೇ? ನೀರಿನ ಮಾತು ಕೇಳಿದವನು ಊಟದ ಮಾತು ಕೇಳದೆ ಇರುತ್ತಾನೆಯೇ?

ಅವನು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಪೊಟ್ಯಾಷಿಯಂ ಎಲ್ಲಿಂದ?

ಏನು ತಿಂದಿರಿ ಎಂದು ಅವನನ್ನೇ ಮತ್ತೆ ಕೇಳಿದೆ. ರೊಟ್ಟಿ, ಬಸಿದ ಪಲ್ಯ ಒಂದೀಟು. ಎಷ್ಟು ತಿರುಗಿಸಿ ಕೇಳಿದರೂ ಅದೇ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ ಅಂದೆ. “ತನಿಖಿ ಏನ್ರಿ?” ಅಂದ. ಹೌದು ಅಂದೆ. ನಕ್ಕ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆಯ ಪ್ಯಾಸೆಂಜರ್. ಚಿತ್ತಾಪುರ ದಾಟುವವರೆಗೆ ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ವಾಡಿಯಲ್ಲಿ ಇಳಿದಮೇಲೆ ಎಲ್ಲ ಮರೆತೆ. ಮೂಗಿನಲ್ಲಿ ಸಿಮೆಂಟ್ ಧೂಳು, ಕಾಲ ಕೆಳಗೆ ಕಾದ ಕಲ್ಲು.

ಲೈನ್ ಮನೆ. ಒಂದೇ ಕೋಣೆ, ಮುಂದೆ ಒಲೆ. ಇವರ ಹಿರಿಯರೆಲ್ಲ ಕಾಗಿಣಾ ದಂಡೆಯವರು, ಮೀನು ಹಿಡಿದವರು. ಈಗ ಹೊಳೆಯೂ ಇಲ್ಲ, ಬಲೆಯೂ ಇಲ್ಲ, ಫ್ಯಾಕ್ಟರಿಯ ಗುತ್ತಿಗೆ ಕೂಲಿ. ಅದೂ ಅವನಿಗೆ ತಪ್ಪಿ ಹೋಗಿದೆ. ಹಣಮಮ್ಮ ಕ್ವಾರ್ಟರ್ಸಿನಲ್ಲಿ ಮುಸುರೆ ತಿಕ್ಕಿ ಮನೆ ನಡೆಸುತ್ತಾಳೆ. ಇಬ್ಬರು ಹೆಣ್ಣುಮಕ್ಕಳು, ಕಡ್ಡಿಯಂಥ ಕೈಕಾಲು.

“ಊಟದ ಮೇಡಂ ಊಟಕ್ಕೇ ಬಂದಾರ, ಒಲಿ ಹಚ್ಚು” ಎಂದ ಸಾಯಬಣ್ಣ. ಹಣಮಮ್ಮ ನಗಲಿಲ್ಲ. ಆ ಗುರುವಾರ ನಾನಾಡಿದ ಮಾತು ಅವಳ ಮುಖದಲ್ಲಿ ಹಾಗೇ ಇತ್ತು. ಆದರೂ ಕುಂದ್ರಿ ಅಂದಳು, ಗೋಣಿ ಹಾಸಿದಳು.

ಒಲೆಯ ಪಕ್ಕ ಕೂತು ನೋಡಿದೆ. ಏನೂ ಕೇಳಲಿಲ್ಲ. ಪಲ್ಯ ಸಣ್ಣಗೆ ಹೆಚ್ಚಿದಳು. ಬೋಗುಣಿ ತುಂಬ ನೀರಿಟ್ಟಳು. ಬೇಳೆ, ಪಲ್ಯ ಎರಡೂ ಕುದಿಸಿದಳು. ಬಟ್ಟೆ ಹಿಡಿದು ಬಸಿದಳು, ಕೊನೆಯ ಹನಿಯವರೆಗೆ. ಎಲ್ಲ ನಾನು ಹೇಳಿದಂತೆಯೇ. ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಬಸಿಯುತ್ತಿರಲಿಲ್ಲ. ಶಭಾಷ್ ಅನ್ನಬೇಕೆಂದು ಬಾಯಿಗೆ ಬಂದಿತ್ತು.

ತಟ್ಟೆ ಹಾಕಿದಳು. ರೊಟ್ಟಿ, ಬಸಿದ ಪಲ್ಯ. ಮಕ್ಕಳಿಗೆ ಹೆಚ್ಚು, ಗಂಡನಿಗೆ ಚೂರು. ಬಸಿದ ನೀರಿಗೆ ಎರಡೆಸಳು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟಳು. ನಮ್ಮ ಸ್ಟೀಲ್ ಗ್ಲಾಸು ತಂದಳು. ನಾನು ತೋರಿಸಿದ ಅಳತೆಗೆ ಸರಿಯಾಗಿ ಸುರಿದು ಗಂಡನ ಮುಂದಿಟ್ಟಳು. ಅವನು ಎತ್ತಿದ.

ಅವನ ಮುಂಗೈ ಹಿಡಿದುಕೊಂಡೆ. ಹಣಮಮ್ಮ ಗಾಬರಿಯಾದಳು.

“ಉಪ್ಪು ಹಾಕಿಲ್ರಿ ಅಕ್ಕೋರ. ಬರೇ ಕಟ್ಟು. ನೀವು ಹೇಳ್ದಂಗೇ ಬಸದೀನಿ.”

“ದಿನಾ ಕೊಡ್ತೀರೇನು ಇದನ್ನ?”

“ಎರಡೂ ಹೊತ್ತು. ಕುಡ್ಯೂದು ಇಷ್ಟೇ ಅಂತ ಅಳತಿ ಕೊಟ್ಟೀರಿ. ಅಷ್ಟರಾಗ ಸಪ್ಪನ ನೀರು ಯಾಕ ಕುಡಸ್ಲಿ? ಬ್ಯಾಳ್ಯಾಗಿಂದು, ಪಲ್ಯಾದಾಗಿಂದು ಎಲ್ಲಾ ನೀರಿಗಿ ಇಳೀತದ ಅಂತ ನೀವೇ ಹೇಳೀರಲ್ಲ. ಇಳದಿದ್ದು ಜಡ್ಡಿನವ್ರಿಗಿ. ಉಳದಿದ್ದು ನಾವು ತಿಂತೀವಿ.”

ಯಾವುದೂ ತಪ್ಪಲ್ಲ. ನಾನು ಹೇಳಿದ ಒಂದೊಂದು ಮಾತನ್ನೂ ಹಿಡಿದಿದ್ದಾಳೆ. ನೀರಿಗೆ ಇಳಿಯುತ್ತದೆ ಎಂಬುದನ್ನು ನನ್ನ ಜೊತೆ ಓದಿದ ಹುಡುಗಿಯರಿಗಿಂತ ಚೆನ್ನಾಗಿ ತಿಳಿದಿದ್ದಾಳೆ. ಕಟ್ಟು ಕುಡಿಸುವುದು ಈ ಕಡೆಯ ಪದ್ಧತಿ — ಬಾಣಂತಿಗೆ, ಜ್ವರದಿಂದ ಎದ್ದವನಿಗೆ, ಮುದುಕರಿಗೆ. ಮನೆಯಲ್ಲಿ ಯಾರಿಗೆ ಬದುಕು ಬೇಕೋ ಅವರಿಗೆ.

ಹೇಳಿದೆ. ಆ ಇಳಿದದ್ದೇ ಇವರಿಗೆ ವಿಷ. ಬೇರೆ ಯಾರಿಗೂ ಅಲ್ಲ, ಕಿಡ್ನಿ ಹೋದವರಿಗೆ ಮಾತ್ರ. ಅದನ್ನು ಚೆಲ್ಲಬೇಕಿತ್ತು. ಚೆಲ್ಲಿ ಎಂದು ನಾನು ಹೇಳಿರಲಿಲ್ಲ.

ಹಣಮಮ್ಮ ಗ್ಲಾಸನ್ನೇ ನೋಡುತ್ತ ಕೂತಳು. ಸೆರಗು ಬಾಯಿಗೆ ಹೋಯಿತು. “ಮತ್ತ ನನ್ನ ಕೈಯಾಗಿಂದೇ...” ಎಂದಳು. ಮುಗಿಸಲಿಲ್ಲ. ನಿಮ್ಮದಲ್ಲ, ನನ್ನ ಮಾತು ಅರ್ಧ, ಅಂದೆ. ಆ ಮಾತು ಅವಳಿಗೆ ಮುಟ್ಟಿತೋ ಇಲ್ಲವೋ.

ಆಮೇಲೆ ಕೇಳಿದಳು, “ಮಕ್ಕಳು ಕುಡದ್ರ ನಡೀತದೇನ್ರಿ?”

“ಮಕ್ಕಳಿಗೆ ಭಾಳ ಚಲೋ.”

ಗ್ಲಾಸಿನಲ್ಲಿದ್ದದ್ದನ್ನು ಎರಡು ಬಟ್ಟಲಿಗೆ ಸುರಿದಳು. ಹುಡುಗಿಯರು ಸೊರಸೊರ ಕುಡಿದರು, ಒಬ್ಬರ ಮುಖ ಒಬ್ಬರು ನೋಡುತ್ತ. ಮೊದಲ ಸಲ ಸಿಕ್ಕಿದ್ದು ಅಂತ ಕಾಣುತ್ತದೆ. ಸಾಯಬಣ್ಣ ಗೋಡೆಗೆ ಒರಗಿದ.

“ಅಂದ್ರ ಇಷ್ಟ ದಿನ ನಾ ಮಕ್ಕಳ ಪಾಲು ಕುಡದೆ ಅಂದಂಗಾತು.”

ತಮಾಷೆಯ ದನಿಯೇ. ಯಾರೂ ನಗಲಿಲ್ಲ.

ಏಪ್ರಿಲ್ 28, ಸೋಮವಾರ

ಪುಸ್ತಕ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಸ್ಪಷ್ಟ ಇದೆ, ಬೇಯಿಸಿ, ಬಸಿದು, ನೀರು ಚೆಲ್ಲಬೇಕು. ಪರೀಕ್ಷೆಯಲ್ಲಿ ನಾನೂ ಹಾಗೆ ಬರೆದು ಪಾಸಾದವಳು. ಕನ್ನಡದಲ್ಲಿ ಹೇಳುವಾಗ ಆ ಒಂದು ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಯಾಕೆ?

ಯಾಕೆಂದರೆ ಐನಾಪುರದ ನಮ್ಮ ಮನೆಯಲ್ಲಿ ಬೇಳೆಯ ಕಟ್ಟು ಚೆಲ್ಲಿದರೆ ಅವ್ವ ಕೈ ಮುರಿಯುತ್ತಿದ್ದಳು. ಬೇಳೆ ಸಾಹುಕಾರನ ಕಣದಿಂದ ಕೂಲಿಗೆ ಬಂದದ್ದು. ಅದರ ನೀರನ್ನೂ ಯಾರಾದರೂ ಚೆಲ್ಲುತ್ತಾರೆಯೇ? ನಾಲಿಗೆಗೆ ಆ ಪದವೇ ಗೊತ್ತಿಲ್ಲ. ಚಾರ್ಟು ಹರಿದು ಹಾಕಿ ನಮ್ಮ ಜನರ ಊಟ ಬರೆದೆನೆಂದು ಬೀಗಿದೆ. ಬೇಳೆ ಬರೆದೆ, ಪುಂಡಿಪಲ್ಯ ಬರೆದೆ. ಪಾತ್ರೆಯಲ್ಲಿ ಉಳಿದದ್ದು ಯಾರಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಕೇಳಬೇಕೆಂದೇ ಹೊಳೆಯಲಿಲ್ಲ — ಗೊತ್ತಿದ್ದವಳಿಗೆ ಹೊಳೆಯುವುದಿಲ್ಲ.

ಏನು ತಿಂದಿರಿ ಎಂದು ಕೇಳಿದೆ. ಅವನು ಖರೆ ಹೇಳಿದ. ಕಟ್ಟು ಅವನಿಗೆ ತಿಂದದ್ದಲ್ಲ, ಕುಡಿದದ್ದು. ಕುಡಿದದ್ದು ಅಳತೆಯೊಳಗೇ ಇತ್ತು.

ಮೇ 1, ಗುರುವಾರ

ಡಾ. ಸುರೇಶಕುಮಾರರಿಗೆ ಹೇಳಿದೆ. ನಿಂತುಕೊಂಡೇ ಕೇಳಿದರು. ನಮ್ಮ ಅವ್ವನೂ ಕಟ್ಟು ಕುಡಿಸುತ್ತಿದ್ದಳು ಅಂದರು. ಆಮೇಲೆ ವಾಚ್ ನೋಡಿದರು. ಒಬ್ಬರೇ ನಾಲ್ಕು ತಾಲೂಕು ಸುತ್ತುತ್ತಾರೆ. ಮುಂದಿನ ರಿಪೋರ್ಟು ಬರಲಿ, ನೋಡೋಣ. ‘ನಾನ್ ಕಂಪ್ಲೈಂಟ್’ ಹೊಡೆದು ಹಾಕಿ ಅಂದೆ. ರಿಪೋರ್ಟು ಬರಲಿ ಅಂದರು.

ಕಾರ್ಮಿಕರ ದಿನ. ಗೇಟಿನಲ್ಲಿ ಯಾರೋ ಸಿಹಿ ಹಂಚುತ್ತಿದ್ದರು. ಸಕ್ಕರೆ ವಾರ್ಡಿನವರೂ ತಿಂದರು. ನೋಡಿದರೂ ಬಿಟ್ಟೆ.

ಮೇ 12, ಸೋಮವಾರ

ಇಳಿದಿದೆ.

ಕಳೆದ ವಾರವೇ ಇಳಿದಿತ್ತು, ನಂಬಿರಲಿಲ್ಲ. ಇವತ್ತು ಇನ್ನೂ ಕೆಳಗೆ. ರಾಧಿಕಾ ಕಾಗದ ತಂದು ನನ್ನ ಮೇಜಿನ ಮೇಲೆ ಬಡಿದಳು. ಸಾಯಬಣ್ಣನಿಗೆ ಹೇಳಿದರೆ ಅವನು ಹೆಂಡತಿಯ ಕಡೆ ಕೈ ತೋರಿಸಿದ. ಹಣಮಮ್ಮ, ಕಟ್ಟು ಒಳ್ಳೆಯದಾಗಿದ್ದರೆ ಮಕ್ಕಳ ಕೆನ್ನೆಯೂ ತುಂಬಬೇಕಲ್ಲ, ನೋಡ್ತೀನಿ, ಅಂದಳು. ನನ್ನ ಕೂಡ ಸಲಿಗೆಯಿಂದ ಮಾತಾಡಿದ್ದು ಇವತ್ತೇ.

ಬುದ್ಧ ಪೂರ್ಣಿಮೆ. ರೂಮಿಗೆ ಬಂದು ಒಂದು ದೀಪ ಹಚ್ಚಿದೆ.

ಮೇ 15, ಗುರುವಾರ

ಕಮಿಟಿ.

ನನ್ನ ವರದಿಯಲ್ಲಿ ಮೂರು ಸಾಲು ಬರೆದಿದ್ದೆ. ಆಸ್ಪತ್ರೆ ಹೇಳಿದ ಪ್ರತಿಯೊಂದು ಮಾತನ್ನೂ ಈ ಕುಟುಂಬ ಪಾಲಿಸಿದೆ. ಆಸ್ಪತ್ರೆ ಹೇಳಿದ್ದೇ ಅಪೂರ್ಣ. ಹೇಳಿದವಳು ನಾನು.

ಮ್ಯಾನೇಜರ್ ಓದಿದ. ಕನ್ನಡಕ ತೆಗೆದ. ಮುಂದಿನ ವಾರ ಇನ್‌ಸ್ಪೆಕ್ಷನ್, ಈ ಕಾಗದ ಅವರ ಕೈಗೆ ಹೋದರೆ ಏನಾಗುತ್ತದೆ ಗೊತ್ತಿದೆಯೇ ಎಂದು ಕೇಳಿದ. ಗೊತ್ತಿದೆ ಅಂದೆ. ದನಿ ಇಳಿಸಿದ.

“‘ಕುಟುಂಬಕ್ಕೆ ತಿಳಿವಳಿಕೆ ಕಡಿಮೆ’ ಅಂತ ಒಂದೇ ಸಾಲು ಬರೀರಿ ಮೇಡಂ. ಒಂದು ವಾರ್ನಿಂಗ್ ಕೊಟ್ಟು ಬಿಡೂಣು. ಅವನ ಪಾಳಿನೂ ಉಳೀತದ, ನಿಮ್ಮ ಹೆಸರೂ ಉಳೀತದ.”

ಸುಳ್ಳು ಹೇಳುವುದಿಲ್ಲ — ಒಂದು ಗಳಿಗೆ ಪೆನ್ನು ಕೈಗೆ ತೆಗೆದುಕೊಂಡೆ. ಸುಲಭ ಇತ್ತು. ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ವಾರ್ನಿಂಗ್ ಎಂದರೆ ಸಾಯಬಣ್ಣನ ಫೈಲಿನಲ್ಲಿ ಒಂದು ಕಲೆ. ಇನ್ನೊಂದು ಸಲ ಏನೋ ಕಾರಣಕ್ಕೆ ಪೊಟ್ಯಾಷಿಯಂ ಏರಿದರೆ ಯಾರೂ ವಾಡಿಗೆ ಹೋಗಿ ನೋಡುವುದಿಲ್ಲ. ತಿಳಿವಳಿಕೆ ಕಡಿಮೆ ಎಂದು ಬರೆದಿದೆಯಲ್ಲ. ಹೊರಗೆ ಹಾಕುತ್ತಾರೆ. ಅವನನ್ನು ಹೊರಗೆ ಹಾಕುವ ಮಾತು ನನ್ನ ಕೈಬರಹದಲ್ಲಿ ಇರುತ್ತದೆ.

“ತಿಳಿವಳಿಕಿ ನನಗ ಕಡಿಮಿ ಇತ್ತು ಸರ್. ಅದನ್ನೇ ಬರದೀನಿ” ಅಂದೆ.

ಡಾ. ಸುರೇಶಕುಮಾರರು ಫೈಲು ತಮ್ಮ ಕಡೆ ಎಳೆದುಕೊಂಡರು. ಪೊಟ್ಯಾಷಿಯಂ ಇಳಿದಿದೆ, ಪಾಳಿ ತೆಗೆಯಲು ಕಾರಣ ಇಲ್ಲ, ಅಂದರು. ತಮ್ಮ ಹಳೆಯ ಪದದ ಮೇಲೆ ಗೆರೆ ಎಳೆದು ಸಹಿ ಹಾಕಿದರು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಪರವೂ ಇಲ್ಲ, ವಿರೋಧವೂ ಇಲ್ಲ. ಕಾರು ಕಾಯುತ್ತಿತ್ತು.

ಸಾಯಬಣ್ಣನ ಪಾಳಿ ಉಳಿಯಿತು. ಕಲೆ ಇಲ್ಲದೆ ಉಳಿಯಿತು. ಇದನ್ನು ಬರೆದಿಡುತ್ತೇನೆ.

ಮೇ 26, ಸೋಮವಾರ

ಇನ್‌ಸ್ಪೆಕ್ಷನ್ ಮುಗಿದಿದೆ. ನನ್ನ ವರದಿ ಯಾವ ಕಪಾಟಿನಲ್ಲಿತ್ತೋ.

ಹೊಸ ವ್ಯವಸ್ಥೆ ಬಂದಿದೆ. ಡಯಾಲಿಸಿಸ್ ವಾರ್ಡಿನಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಟ್ಯಾಬ್. ಹೈದರಾಬಾದಿನಿಂದ ಒಬ್ಬ ಡಯೆಟಿಷಿಯನ್ ಅದರ ಪರದೆಯಲ್ಲಿ ಬಂದು ಪಥ್ಯ ಹೇಳುತ್ತಾಳೆ. ಪಾಪದ ಹುಡುಗಿ, ಅವಳಿಗೂ ಎಷ್ಟು ಆಸ್ಪತ್ರೆ ಗಂಟು ಹಾಕಿದ್ದಾರೋ. ಬಣ್ಣದ ಚಾರ್ಟು ಗೋಡೆಗೆ ಮರಳಿದೆ.

ನನ್ನನ್ನು ತೆಗೆಯಲಿಲ್ಲ. ಅಡುಗೆ ಮನೆಯ ಉಸ್ತುವಾರಿಗೆ ಹಾಕಿದರು. ವಾರ್ಡಿಗೆ ಹೋಗುವ ಅಗತ್ಯ ಇಲ್ಲವಂತೆ. “ನಿಮಗ ಒಲಿ ಮುಂದ ಕುಂತ ನೋಡೂದು ಭಾಳ ಹಿಡಸ್ತದಲ್ಲ ಮೇಡಂ” ಅಂದ ಮ್ಯಾನೇಜರ್. ಕೆಳಗೆ ಇಳಿಸಿದೆ ಎಂದುಕೊಂಡ. ಅಪ್ಪನಿಗೆ ಫೋನ್ ಮಾಡಿ ಮ್ಯಾನೇಜರನನ್ನು ಅರ್ಧ ಗಂಟೆ ಬೈದೆ. ಅವನು ಕೇಳಿದ, ಆ ಅಡುಗೆ ಮನೆಗೆ ಬಾಗಿಲು ಎಷ್ಟು?

ಎರಡು. ಒಂದು ವಾರ್ಡಿನ ಕಡೆ. ಒಂದು ರಸ್ತೆಯ ಕಡೆ.

ಜೂನ್ 2, ಸೋಮವಾರ. ಮಧ್ಯಾಹ್ನ

ಸೌಟು, ಸ್ಟಾಕು, ಗ್ಯಾಸು. ಚಾಚಾನ ಉಪ್ಪು ಇವತ್ತು ಸರಿಯಾದ ಪಾತ್ರೆಗೇ ಬಿತ್ತು.

ಊಟದ ಬಂಡಿ ಹೋದ ಮೇಲೆ ರಸ್ತೆಯ ಬಾಗಿಲಲ್ಲಿ ಹಣಮಮ್ಮ. ಗಂಡ ಮಷಿನ್ ಮೇಲೆ. ಜೊತೆಗೆ ಇನ್ನೊಬ್ಬ ಹೆಂಗಸನ್ನು ಎಳೆದುಕೊಂಡು ಬಂದಿದ್ದಳು. ಚಿತ್ತಾಪುರದ ರತ್ನಾಬಾಯಿ. ಅವಳ ಗಂಡ ಹೊಸದಾಗಿ ಡಯಾಲಿಸಿಸ್ಸಿಗೆ ಬಿದ್ದಿದ್ದಾನೆ. ಟ್ಯಾಬಿನಾಕಿ ಹೇಳಿದ್ದು ತಲೆಗೆ ಹತ್ತಲಿಲ್ಲವಂತೆ, ಹೂಂ ಹೂಂ ಅಂದು ಬಂದಳಂತೆ.

“ಇಕಿಗಿ ಹೇಳ್ರಿ ಅಕ್ಕೋರ. ಚೆಲ್ಲೂದು ಮೊದಲ ಹೇಳ್ರಿ” ಎಂದಳು ಹಣಮಮ್ಮ, ಅರ್ಧ ಚೇಷ್ಟೆ, ಅರ್ಧ ಆಜ್ಞೆ.

ಚಾಚಾ ಉಳ್ಳಾಗಡ್ಡಿ ಚೀಲ ಜಗ್ಗಿ ಕೂರಲು ಜಾಗ ಮಾಡಿಕೊಟ್ಟ. ನಾನೂ ನೆಲಕ್ಕೆ ಕೂತೆ. ಹೇಳುವುದು ಆಮೇಲೆ, ಮೊದಲು ನೀವು ಹೇಳಿ, ನಿನ್ನೆ ಸಂಜೆ ಒಲೆ ಹಚ್ಚಿದಾಗಿನಿಂದ ಶುರು ಮಾಡಿ, ಅಂದೆ. ರತ್ನಾಬಾಯಿ ನಾಚಿದಳು. ನಮ್ಮ ಮನಿ ಅಡಿಗಿ ಕೇಳಿ ಏನ್ ಮಾಡ್ತೀರಿ ಅಂದಳು. ಹಣಮಮ್ಮ ಮೊಣಕೈಯಿಂದ ತಿವಿದಳು.

ರೊಟ್ಟಿ ಬಡಿದೆ ಅಂದಳು. ಬೇಳೆ ಇಟ್ಟೆ ಅಂದಳು. ಬಸಿದ ನೀರು?

“ಅಯ್ಯ, ನಾ ಬಸ್ಯಂಗೇ ಇಲ್ರಿ. ನಮ್ಮತ್ತಿ ಹೇಳ್ಯಾಳ, ಜಡ್ಡಿನವ್ರಿಗಿ ಬ್ಯಾಳಿ ಹಾಕ್ಲಿಕ್ಕೇ ಹೋಗಬ್ಯಾಡ, ಅದರ ಬದ್ಲಿ ದಿನಾ ಮುಂಜಾನಿ ಎದ್ದಕೂಡ್ಲೆ ಎರಡು ಬಾಳಿಹಣ್ಣು—”